ಸರ್ ಹರ್ಕ್ಯುಲಿಸ್ ಲ್ಯಾಂಗ್ರಿಷ್ (1729–1811): ಐರ್ಲೆಂಡಿನ ಕಥೋಲಿಕರ ಪರವಾಗಿ ನಿಂತ ಪ್ರೊಟೆಸ್ಟಂಟ್ ಬ್ಯಾರೊನೆಟ್

ಐರ್ಲೆಂಡ್ ಎಂದೊಡನೆ ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ನೆನಪಾಗುವುದು ಸಂತ ಪ್ಯಾಟ್ರಿಕ್ ಮತ್ತು ಆ ನಾಡಿನಿಂದ ಲೋಕದ ಮೂಲೆ ಮೂಲೆಗೆ ಹೋದ ಮಿಶನರಿಗಳು. ಆದರೆ ಹದಿನೆಂಟನೇ ಶತಮಾನದ ಬಹುಪಾಲು ಕಾಲ ಆ ನಾಡಿನಲ್ಲಿ ಕಥೋಲಿಕನಾಗಿ ಹುಟ್ಟಿದವನು ಮತ ಹಾಕುವಂತಿರಲಿಲ್ಲ, ವಕೀಲನಾಗುವಂತಿರಲಿಲ್ಲ, ಶಾಲೆ ತೆರೆಯುವಂತಿರಲಿಲ್ಲ, ಭೂಮಿ ಕೊಳ್ಳುವಂತಿರಲಿಲ್ಲ. ಈ ಕಟ್ಟಳೆಗಳು ಒಂದೇ ದಿನದಲ್ಲಿ ಬಿದ್ದುಹೋಗಲಿಲ್ಲ. ಒಂದೊಂದಾಗಿ, ಹಂತ ಹಂತವಾಗಿ ಸಡಿಲಗೊಂಡವು. ಅವುಗಳಲ್ಲಿ ಒಂದು ಹಂತಕ್ಕೆ, ಅಂದರೆ 1792ರ ಕಥೋಲಿಕ ಪರಿಹಾರ ಕಾಯಿದೆಗೆ, ಕಾರಣಕರ್ತರಾದವರು ಸರ್ ಹರ್ಕ್ಯುಲಿಸ್ ಲ್ಯಾಂಗ್ರಿಷ್. ಅವರು ಸ್ವತಃ ಪ್ರೊಟೆಸ್ಟಂಟರು, ಜಮೀನ್ದಾರರು, ಸರ್ಕಾರದ ಹುದ್ದೆಯಲ್ಲಿದ್ದವರು. ಪ್ರಸಿದ್ಧ ಚಿಂತಕ ಎಡ್ಮಂಡ್ ಬರ್ಕ್ 1792ರಲ್ಲಿ ಐರ್ಲೆಂಡಿನ ಕಥೋಲಿಕರ ಹಕ್ಕುಗಳ ಬಗ್ಗೆ ಬರೆದ ದೀರ್ಘ ಪತ್ರವೂ ಇವರ ಹೆಸರಿಗೇ ಬರೆದದ್ದು. ಇವರ ಜೀವನ ಮತ್ತು ಕೆಲಸದ ಪರಿಚಯ ಇಲ್ಲಿದೆ.

ಬ್ಯಾರೊನೆಟ್ ಎಂದರೆ ಯಾರು?

ಬ್ಯಾರೊನೆಟ್ ಎಂಬುದು ವಂಶಪಾರಂಪರ್ಯವಾಗಿ ಬರುವ ಬಿರುದು. ಇಂಗ್ಲೆಂಡಿನ ಅರಸ ಒಂದನೇ ಜೇಮ್ಸ್ 1611ರಲ್ಲಿ ಇದನ್ನು ಆರಂಭಿಸಿದನು. ಕೆಲವೇ ವರ್ಷಗಳಲ್ಲಿ ಐರ್ಲೆಂಡಿಗೂ ಇದು ವಿಸ್ತರಿಸಿತು. ಬ್ಯಾರೊನೆಟ್ ಆದವರ ಹೆಸರಿನ ಹಿಂದೆ 'ಸರ್' ಎಂದು ಸೇರಿಸುತ್ತಾರೆ. ತಂದೆಯ ನಂತರ ಬಿರುದು ಹಿರಿಯ ಮಗನಿಗೆ ಹೋಗುತ್ತದೆ. ಆದರೆ ಬ್ಯಾರೊನೆಟ್ ಆದವರು 'ಲಾರ್ಡ್' ಅಲ್ಲ. ಆದುದರಿಂದ ಅವರಿಗೆ ಮೇಲ್ಮನೆಯಲ್ಲಿ ಸ್ಥಾನವಿರಲಿಲ್ಲ. ಚುನಾವಣೆಗೆ ನಿಂತು ಕೆಳಮನೆಯಾದ ಕಾಮನ್ಸ್ ಸಭೆಗೆ ಬರಬೇಕಿತ್ತು. ಲ್ಯಾಂಗ್ರಿಷ್ ಅವರು 1777ರಲ್ಲಿ ಈ ಬಿರುದು ಪಡೆದರು. ಅವರ ಮನೆತನದಲ್ಲಿ ಇವರೇ ಮೊದಲ ಬ್ಯಾರೊನೆಟ್.

ಕಾಲದ ಹಿನ್ನೆಲೆ: ದಂಡನಾ ಕಾನೂನುಗಳು

ಲ್ಯಾಂಗ್ರಿಷ್ ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅವರು ಹುಟ್ಟಿದ ಕಾಲದ ಸ್ಥಿತಿಯನ್ನು ಮೊದಲು ತಿಳಿಯಬೇಕು. 1690–91ರ ಯುದ್ಧದಲ್ಲಿ ಕಥೋಲಿಕ ಅರಸ ಎರಡನೇ ಜೇಮ್ಸ್‌ನ ಪಕ್ಷ ಸೋತು, ಮೂರನೇ ವಿಲಿಯಂನ ಪಕ್ಷ ಗೆದ್ದಿತು. ಆ ಬಳಿಕ ಡಬ್ಲಿನ್ ನಗರದ ಸಂಸತ್ತು ಕಥೋಲಿಕರ ವಿರುದ್ಧ ಒಂದರ ಮೇಲೊಂದರಂತೆ ಕಾಯಿದೆಗಳನ್ನು ಮಾಡಿತು. ಇವುಗಳನ್ನು ಒಟ್ಟಾಗಿ 'ದಂಡನಾ ಕಾನೂನುಗಳು' ಎಂದು ಕರೆಯುತ್ತಾರೆ.

ಮುಖ್ಯವಾದವು ಇವು:

• 1695: ಕಥೋಲಿಕರು ಆಯುಧ ಇಟ್ಟುಕೊಳ್ಳಬಾರದು, 5 ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಹೊಂದಬಾರದು, ಶಾಲೆ ನಡೆಸಬಾರದು, ಮಕ್ಕಳನ್ನು ವಿದ್ಯೆಗಾಗಿ ಹೊರದೇಶಕ್ಕೆ ಕಳುಹಿಸಬಾರದು.

• 1697: ಬಿಷಪರು ಮತ್ತು ಧಾರ್ಮಿಕ ಸಭೆಗಳ ಸನ್ಯಾಸಿಗಳು ದೇಶ ಬಿಟ್ಟು ಹೋಗಬೇಕು.

• 1704: ಕಥೋಲಿಕರು ಭೂಮಿ ಕೊಳ್ಳುವಂತಿಲ್ಲ, 31 ವರ್ಷಕ್ಕಿಂತ ಹೆಚ್ಚಿನ ಗೇಣಿ ಪಡೆಯುವಂತಿಲ್ಲ, ತಂದೆ ಸತ್ತಾಗ ಆಸ್ತಿ ಎಲ್ಲ ಗಂಡುಮಕ್ಕಳಿಗೆ ಹಂಚಿಹೋಗಬೇಕು, ಆದರೆ ಹಿರಿಯ ಮಗ ಪ್ರೊಟೆಸ್ಟಂಟ್ ಆದರೆ ಎಲ್ಲವೂ ಅವನಿಗೇ.

• 1709: ಅಡಗಿರುವ ಬಿಷಪರನ್ನು ಹಿಡಿದುಕೊಟ್ಟವರಿಗೆ 50 ಪೌಂಡ್, ನೋಂದಣಿಯಾಗದ ಯಾಜಕರನ್ನು ಹಿಡಿದುಕೊಟ್ಟವರಿಗೆ 20 ಪೌಂಡ್, ಶಾಲಾ ಮಾಸ್ತರನ್ನು ಹಿಡಿದುಕೊಟ್ಟವರಿಗೆ 10 ಪೌಂಡ್ ಬಹುಮಾನ.

• 1728: ಕಥೋಲಿಕರಿಗೆ ಉಳಿದಿದ್ದ ಮತದಾನದ ಹಕ್ಕೂ ರದ್ದು.

ಅಂದು ಐರ್ಲೆಂಡಿನ ಜನರಲ್ಲಿ ಸುಮಾರು ನಾಲ್ಕನೇ ಮೂರು ಪಾಲು ಕಥೋಲಿಕರು. 1703ರ ಹೊತ್ತಿಗೆ ಅವರ ಕೈಯಲ್ಲಿ ಉಳಿದಿದ್ದ ಭೂಮಿ ಸುಮಾರು ನೂರಕ್ಕೆ ಹದಿನಾಲ್ಕು ಪಾಲು ಮಾತ್ರ. ಮುಂದೆ ಅದು ಇನ್ನಷ್ಟು ಕುಗ್ಗಿತು. ಎಲ್ಲ ಕಾಯಿದೆಗಳೂ ಎಲ್ಲ ಕಾಲದಲ್ಲೂ ಒಂದೇ ಕಟ್ಟುನಿಟ್ಟಿನಿಂದ ಜಾರಿಯಾಗಲಿಲ್ಲ ಎಂಬುದು ನಿಜ. ಪೂಜೆ ನಡೆಯುತ್ತಿತ್ತು, ಬಿಷಪರು ಮರೆಯಲ್ಲಿದ್ದು ಕೆಲಸ ಮಾಡುತ್ತಿದ್ದರು, ಬೇಲಿಯ ಮರೆಯಲ್ಲಿ ಶಾಲೆಗಳು ನಡೆಯುತ್ತಿದ್ದವು. ಆದರೆ ಕಾಯಿದೆ ಪುಸ್ತಕದಲ್ಲಿ ಉಳಿದಿರುವವರೆಗೆ ಯಾರ ಮೇಲೂ ಎಂದು ಬೇಕಾದರೂ ಪ್ರಯೋಗಿಸಬಹುದಾಗಿತ್ತು. ನೆರೆಯವನ ಒಂದು ದೂರು ಸಾಕಿತ್ತು.

ಹುಟ್ಟು ಮತ್ತು ಮನೆತನ

ಹರ್ಕ್ಯುಲಿಸ್ ಲ್ಯಾಂಗ್ರಿಷ್ 1729ರಲ್ಲಿ ಕಿಲ್ಕೆನಿ ಪ್ರಾಂತದ ನಾಕ್‌ಟೋಫರ್ ಗ್ರಾಮದ ಮನೆತನದಲ್ಲಿ ಹುಟ್ಟಿದರು. ತಂದೆಯ ಹೆಸರು ರಾಬರ್ಟ್ ಲ್ಯಾಂಗ್ರಿಷ್. ಈ ಮನೆತನದ ನಿವಾಸಕ್ಕೆ 'ನಾಕ್‌ಟೋಫರ್ ಅಬ್ಬೆ' ಎಂದು ಹೆಸರು. ಆ ಹೆಸರಿನ ಹಿಂದೆ ಒಂದು ಕಥೆಯಿದೆ. 1356ರಲ್ಲಿ ಓರ್ಮಂಡಿನ ಎರಡನೇ ಅರ್ಲ್ ಜೇಮ್ಸ್ ಬಟ್ಲರ್ ಇಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿಗಳಿಗಾಗಿ ಮಠವೊಂದನ್ನು ಕಟ್ಟಿಸಿದ್ದನು. ಹದಿನಾರನೇ ಶತಮಾನದಲ್ಲಿ ಅರಸ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇದೂ ಮುಚ್ಚಿತು. ಆಸ್ತಿ ಕೈಯಿಂದ ಕೈಗೆ ಹೋಗಿ ಹದಿನೇಳನೇ ಶತಮಾನದಲ್ಲಿ ಲ್ಯಾಂಗ್ರಿಷ್ ಮನೆತನಕ್ಕೆ ಬಂತು. ಹೀಗೆ ಕಥೋಲಿಕರ ಪರ ಮಾತನಾಡಿದ ಈ ರಾಜಕಾರಣಿ ಬೆಳೆದದ್ದು ಕಥೋಲಿಕ ಸನ್ಯಾಸಿಗಳಿಂದ ಕಿತ್ತುಕೊಂಡ ಮಠದ ನೆಲದಲ್ಲಿ.

ಕಿಲ್ಕೆನಿ ಕಾಲೇಜಿನಲ್ಲಿ ಓದಿ, ಬಳಿಕ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಿಂದ 1753ರಲ್ಲಿ ಅವರು ಪದವಿ ಪಡೆದರು. ಆ ಕಾಲದಲ್ಲಿ ಟ್ರಿನಿಟಿ ಕಾಲೇಜಿನಲ್ಲಿ ಕಥೋಲಿಕರಿಗೆ ಪದವಿ ಸಿಗುತ್ತಿರಲಿಲ್ಲ. 1755ರಲ್ಲಿ ಕಿಲ್ಲಾರ್ನಿಯ ರಾಬರ್ಟ್ ಮೈಹಿಲ್ ಅವರ ಮಗಳು ಹ್ಯಾನಾಳನ್ನು ಮದುವೆಯಾದರು. ಹ್ಯಾನಾಳ ಸಹೋದರಿ ಜೇನ್‌ಳನ್ನು ಮದುವೆಯಾದವರು ಚಾರ್ಲ್ಸ್ ಟೊಟೆನ್‌ಹ್ಯಾಮ್ ಲಾಫ್ಟಸ್. ಇವರು ಮುಂದೆ ಈಲಿಯ ಮಾರ್ಕ್ವಿಸ್ ಎನಿಸಿಕೊಂಡರು. ಹೀಗೆ ಲ್ಯಾಂಗ್ರಿಷ್ ಅವರಿಗೆ ದೇಶದ ದೊಡ್ಡ ರಾಜಕೀಯ ಮನೆತನದ ನಂಟಸ್ತನವೂ ಆಯಿತು.

ಸಂಸತ್ತಿನಲ್ಲಿ ನಲವತ್ತು ವರ್ಷ

1761ರಲ್ಲಿ ಅವರು ನಾಕ್‌ಟೋಫರ್ ಕ್ಷೇತ್ರದಿಂದ ಐರಿಷ್ ಕಾಮನ್ಸ್ ಸಭೆಗೆ ಬಂದರು. ಆ ಸಭೆ ಮುಚ್ಚುವವರೆಗೂ, ಅಂದರೆ ಸುಮಾರು 40 ವರ್ಷ, ಅದೇ ಕ್ಷೇತ್ರದ ಸದಸ್ಯರಾಗಿದ್ದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂದಿನ ಐರಿಷ್ ಕಾಮನ್ಸ್ ಸಭೆಯಲ್ಲಿ 300 ಸದಸ್ಯರು. ಅವರಲ್ಲಿ 64 ಮಂದಿ ಮಾತ್ರ ಪ್ರಾಂತಗಳ ಪ್ರತಿನಿಧಿಗಳು. 234 ಮಂದಿ ಸಣ್ಣ ದೊಡ್ಡ ಪಟ್ಟಣ ಕ್ಷೇತ್ರಗಳಿಂದ ಬರುತ್ತಿದ್ದರು. ಇವುಗಳಲ್ಲಿ ಹೆಚ್ಚಿನವು ಬೆರಳೆಣಿಕೆಯ ಮತದಾರರಿದ್ದ, ಒಬ್ಬ ಜಮೀನ್ದಾರನ ಹಿಡಿತದಲ್ಲಿದ್ದ ಕ್ಷೇತ್ರಗಳು. ಜಮೀನ್ದಾರ ಹೇಳಿದವನೇ ಸದಸ್ಯ. ನಾಕ್‌ಟೋಫರ್ ಅಂಥದ್ದೇ ಕ್ಷೇತ್ರ; ಅದರ ಜಮೀನ್ದಾರರು ಲ್ಯಾಂಗ್ರಿಷ್. ಅವರನ್ನು ಸೋಲಿಸುವವರು ಯಾರೂ ಇರಲಿಲ್ಲ.

ಸರ್ಕಾರದ ಹುದ್ದೆಗಳೂ ಅವರಿಗೆ ಬಂದವು. 1766ರಿಂದ 1774ರವರೆಗೆ ಸೈನ್ಯದ ಬ್ಯಾರಕ್‌ಗಳ ಕಮಿಷನರ್. 1767ರಿಂದ 1775ರವರೆಗೆ ಲೆಕ್ಕಪತ್ರಗಳ ಮೇಲ್ವಿಚಾರಕ. 1774ರಿಂದ 1801ರವರೆಗೆ ಕಂದಾಯ ಕಮಿಷನರ್. 1780ರಿಂದ 1801ರವರೆಗೆ ಅಬಕಾರಿ ಕಮಿಷನರ್. 1777ರಲ್ಲಿ ಬ್ಯಾರೊನೆಟ್ ಬಿರುದಿನ ಜೊತೆಗೆ ಪ್ರಿವಿ ಕೌನ್ಸಿಲಿನ ಸದಸ್ಯತ್ವವೂ ದೊರೆಯಿತು.

ಇಷ್ಟೆಲ್ಲ ಸರ್ಕಾರದ ಅನ್ನ ಉಂಡವರು ಸರ್ಕಾರವನ್ನು ಗೇಲಿ ಮಾಡುವುದನ್ನು ಮಾತ್ರ ಬಿಡಲಿಲ್ಲ. ವೈಸ್‌ರಾಯ್ ಲಾರ್ಡ್ ಟೌನ್‌ಶೆಂಡ್ ಅವರ ಆಡಳಿತವನ್ನು ಅಣಕಿಸಿ ಪತ್ರಿಕೆಗಳಲ್ಲಿ ಬಂದ ವಿಡಂಬನೆಗಳನ್ನು 1772ರಲ್ಲಿ 'ಬ್ಯಾರಟೇರಿಯಾನಾ' ಎಂಬ ಹೆಸರಿನಲ್ಲಿ ಪುಸ್ತಕವಾಗಿ ತಂದರು. ಅದರಲ್ಲಿ ಹೆನ್ರಿ ಫ್ಲಡ್ ಮತ್ತು ಹೆನ್ರಿ ಗ್ರಾಟನ್ ಅವರಂಥ ಪ್ರಸಿದ್ಧರ ಜೊತೆ ಲ್ಯಾಂಗ್ರಿಷ್ ಅವರ ಲೇಖನಿಯೂ ಇತ್ತು. 'ಡಾನ್ ಕ್ವಿಕ್ಸೋಟ್' ಕಾದಂಬರಿಯಲ್ಲಿ ಸಾಂಚೋ ಪಾಂಜಾ ಆಳುವ ದ್ವೀಪದ ಹೆಸರು ಬ್ಯಾರಟೇರಿಯಾ. ಐರ್ಲೆಂಡೇ ಆ ದ್ವೀಪ ಎಂಬುದು ಲೇಖಕರ ಚುಚ್ಚುಮಾತು.

ಮಾತಿನ ಚತುರ

ಲ್ಯಾಂಗ್ರಿಷ್ ಅವರ ಹಾಸ್ಯದ ಮಾತುಗಳು ಡಬ್ಲಿನ್‌ನಲ್ಲಿ ಮನೆಮಾತಾಗಿದ್ದವು. ಒಮ್ಮೆ ವೈಸ್‌ರಾಯರು ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿ ಕುದುರೆ ಮೇಲೆ ಹೋಗುತ್ತಾ, ನನ್ನ ಹಿಂದಿನವರು ಈ ಜೌಗು ನೆಲದ ನೀರು ಬಸಿದುಹೋಗುವಂತೆ ಯಾಕೆ ಮಾಡಲಿಲ್ಲ ಎಂದು ಕೇಳಿದರಂತೆ. ದೇಶದ ಉಳಿದ ಭಾಗವನ್ನೆಲ್ಲ ಬಸಿದು ಬರಿದು ಮಾಡುವುದರಲ್ಲೇ ಅವರಿಗೆ ಪುರುಸೊತ್ತು ಇರಲಿಲ್ಲ ಎಂದು ಲ್ಯಾಂಗ್ರಿಷ್ ಉತ್ತರಿಸಿದರು.

ಮತ್ತೊಮ್ಮೆ ಐರ್ಲೆಂಡಿನ ಒಳ್ಳೆಯ ಇತಿಹಾಸ ಯಾವ ಪುಸ್ತಕದಲ್ಲಿದೆ ಎಂಬ ಪ್ರಶ್ನೆ ಬಂತು. ಅಂದು ಇಂಗ್ಲೆಂಡಿನ ಇತಿಹಾಸಕ್ಕೆ ಪ್ರಸಿದ್ಧರಾಗಿದ್ದ ಲೇಖಕರು ರಾಪಿನ್. ಇಂಗ್ಲಿಷ್‌ನಲ್ಲಿ 'ರ‍್ಯಾಪಿನ್' ಎಂದರೆ ಕೊಳ್ಳೆ. ರಾಪಿನ್‌ನ ಮುಂದುವರಿದ ಭಾಗದಲ್ಲಿ ಹುಡುಕಿ ಎಂದರು ಲ್ಯಾಂಗ್ರಿಷ್. ಕೊಳ್ಳೆ ಮುಂದುವರಿದದ್ದೇ ಐರ್ಲೆಂಡಿನ ಇತಿಹಾಸ ಎಂಬುದು ಮಾತಿನ ಒಳಗುಟ್ಟು.

ಈ ನಗೆಮಾತುಗಳಲ್ಲಿ ಒಂದು ಸತ್ಯವೂ ಇದೆ. ತಾವು ಭಾಗವಾಗಿದ್ದ ಆಡಳಿತ ನ್ಯಾಯದ ಮೇಲೆ ನಿಂತದ್ದಲ್ಲ ಎಂಬ ಅರಿವು ಅವರಿಗೆ ಇತ್ತು.

ಬರ್ಕ್ ಅವರ ಸ್ನೇಹ

ಎಡ್ಮಂಡ್ ಬರ್ಕ್ ಡಬ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿನ ಸಂಸತ್ತಿನಲ್ಲಿ ಹೆಸರಾದವರು. ಬರ್ಕ್ ಪ್ರೊಟೆಸ್ಟಂಟ್ ಆಗಿ ಬೆಳೆದರೂ ಅವರ ತಾಯಿ ಮೇರಿ ನೇಗಲ್ ಕಥೋಲಿಕರು. ಪತ್ನಿ ಜೇನ್ ಕಥೋಲಿಕ ವೈದ್ಯ ಕ್ರಿಸ್ಟಫರ್ ನ್ಯೂಜೆಂಟ್ ಅವರ ಮಗಳು. ಪ್ರೆಸೆಂಟೇಶನ್ ಧರ್ಮಭಗಿನಿಯರ ಸಭೆಯನ್ನು 1775ರಲ್ಲಿ ಸ್ಥಾಪಿಸಿದ ನಾನೊ ನೇಗಲ್ ಕೂಡಾ ಬರ್ಕ್ ಅವರಿಗೆ ತಾಯಿಯ ಕಡೆಯ ಸಂಬಂಧಿ. ನಾನೊ ಅವರು ಕಾರ್ಕ್ ನಗರದಲ್ಲಿ ಬಡಮಕ್ಕಳಿಗೆ ಶಾಲೆ ತೆರೆದಾಗ ಕಥೋಲಿಕರು ಶಾಲೆ ನಡೆಸುವುದು ಅಪರಾಧವಾಗಿತ್ತು; ಕದ್ದುಮುಚ್ಚಿಯೇ ಆರಂಭಿಸಬೇಕಾಯಿತು. ಅದೇ ಸಭೆಯ ಭಗಿನಿಯರು 1842ರಲ್ಲಿ ಮದ್ರಾಸಿಗೆ ಬಂದರು.

ದಂಡನಾ ಕಾನೂನುಗಳ ಅನ್ಯಾಯವನ್ನು ಬರ್ಕ್ ಮನೆಯೊಳಗಿನಿಂದಲೇ ಕಂಡಿದ್ದರು. ಕಥೋಲಿಕರಿಗೆ ನೀಡಿದ ಬೆಂಬಲವೂ ಸೇರಿದಂತೆ ತಮ್ಮ ನಿಲುವುಗಳಿಗಾಗಿ 1780ರಲ್ಲಿ ಬ್ರಿಸ್ಟಲ್ ಕ್ಷೇತ್ರವನ್ನು ಕಳೆದುಕೊಂಡಿದ್ದರು. ಲ್ಯಾಂಗ್ರಿಷ್ ಮತ್ತು ಬರ್ಕ್ ಹಳೆಯ ಸ್ನೇಹಿತರು. ಕಥೋಲಿಕರ ಪ್ರಶ್ನೆಯಲ್ಲಿ ಇಬ್ಬರ ಒಲವೂ ಒಂದೇ ಕಡೆ. ಆದರೆ ಎಷ್ಟು ದೂರ ಹೋಗಬೇಕು ಎಂಬುದರಲ್ಲಿ ಭೇದವಿತ್ತು.

1778ರ ಕಾಯಿದೆಯಿಂದ ಕಥೋಲಿಕರಿಗೆ 999 ವರ್ಷದ ಗೇಣಿ ಪಡೆಯಲು ಅವಕಾಶವಾಗಿತ್ತು. 1782ರಲ್ಲಿ ಭೂಮಿ ಕೊಳ್ಳುವ ಹಕ್ಕು ಬಂತು. ಪ್ರೊಟೆಸ್ಟಂಟ್ ಬಿಷಪರ ಪರವಾನಗಿ ಪಡೆದು ಶಾಲೆ ನಡೆಸಲೂ ಅನುಮತಿ ಸಿಕ್ಕಿತು. ಉಳಿದದ್ದು ಮತದಾನ, ವಕೀಲಿ, ಸರ್ಕಾರಿ ಹುದ್ದೆ, ಸಂಸತ್ತು. 1789ರ ಫ್ರಾನ್ಸಿನ ಕ್ರಾಂತಿಯ ಬಳಿಕ ಈ ಪ್ರಶ್ನೆಗಳು ಬಿಸಿಯಾದವು. ಡಬ್ಲಿನ್‌ನ ಕಥೋಲಿಕ ಸಮಿತಿಯಲ್ಲಿ ಕೂಡಾ 1791ರ ಕೊನೆಗೆ ಒಡಕು ಬಂತು. ಲಾರ್ಡ್ ಕೆನ್ಮೇರ್ ಮತ್ತು ಅವರ ಜೊತೆಯ ಗಣ್ಯರು ಸರ್ಕಾರ ಕೊಟ್ಟಷ್ಟನ್ನು ಪಡೆದು ಸುಮ್ಮನಿರೋಣ ಎಂದರು. ಡಬ್ಲಿನ್‌ನ ವ್ಯಾಪಾರಿ ಜಾನ್ ಕಿಯೊ ಮೊದಲಾದವರು ಹಕ್ಕನ್ನು ಕೇಳಿ ಪಡೆಯೋಣ ಎಂದರು. ಗಣ್ಯರು ಸಮಿತಿಯಿಂದ ಹೊರನಡೆದರು.

1792ರ ಪತ್ರ

ಈ ಹೊತ್ತಿನಲ್ಲಿ ಲ್ಯಾಂಗ್ರಿಷ್ ಅವರು ಬರ್ಕ್ ಅವರ ಅಭಿಪ್ರಾಯ ಕೇಳಿ ಪತ್ರ ಬರೆದರು. ಅವರ ನಿಲುವು ಮಧ್ಯಮ ಮಾರ್ಗದ್ದು: ಕಥೋಲಿಕರು ರಾಜ್ಯದ ಆಶ್ರಯದಲ್ಲಿ ಎಲ್ಲ ಸೌಲಭ್ಯ ಅನುಭವಿಸಲಿ, ಆದರೆ ರಾಜ್ಯಾಧಿಕಾರ ಪ್ರೊಟೆಸ್ಟಂಟರ ಕೈಯಲ್ಲೇ ಇರಲಿ. ಬರ್ಕ್ 1792ರ ಜನವರಿ 3ರಂದು ಉತ್ತರ ಬರೆದರು. ಆ ಉತ್ತರ ಮುದ್ರಣಗೊಂಡು ಐರ್ಲೆಂಡ್, ಇಂಗ್ಲೆಂಡ್ ಎರಡೂ ಕಡೆ ಓದುಗರ ಕೈಸೇರಿತು.

ಸ್ನೇಹಿತನ ಮಾತನ್ನು ಗೌರವದಿಂದಲೇ ಎತ್ತಿಕೊಂಡು ಬರ್ಕ್ ಒಂದೊಂದಾಗಿ ಬಿಡಿಸುತ್ತಾರೆ. ಪತ್ರದ ಮುಖ್ಯ ವಾದಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು:

1. ಒಂದು ದೇಶದ ಜನರನ್ನು ಆಳುವ ಸಣ್ಣ ಗುಂಪು, ಆಳಿಸಿಕೊಳ್ಳುವ ದೊಡ್ಡ ಗುಂಪು ಎಂದು ಶಾಶ್ವತವಾಗಿ ಒಡೆದರೆ ಅದು ಸಂವಿಧಾನವೇ ಅಲ್ಲ.

2. 1688ರ ಕ್ರಾಂತಿ ಇಂಗ್ಲೆಂಡಿನಲ್ಲಿ ಬಹುಜನರು ತಮ್ಮ ಸ್ವಾತಂತ್ರ್ಯ ಉಳಿಸಿಕೊಂಡ ಘಟನೆ. ಐರ್ಲೆಂಡಿನಲ್ಲಿ ನಡೆದದ್ದು ಅದರ ತದ್ವಿರುದ್ಧ. ಅಲ್ಲಿ ಅಲ್ಪಸಂಖ್ಯಾತರು ಬಹುಸಂಖ್ಯಾತರ ಹಕ್ಕು, ಆಸ್ತಿಗಳ ಮೇಲೆ ಅಧಿಕಾರ ಸ್ಥಾಪಿಸಿದರು.

3. ದಂಡನಾ ಕಾನೂನುಗಳು ಹುಟ್ಟಿದ್ದು ಭಯದಿಂದಲ್ಲ, ಸೋತ ಜನರ ಮೇಲಿನ ದ್ವೇಷದಿಂದ. ಜನರನ್ನು ಬಡವರನ್ನಾಗಿಸಿ ಅವರ ಮನುಷ್ಯತ್ವವನ್ನೇ ಕುಗ್ಗಿಸಲು ಬುದ್ಧಿ ಖರ್ಚುಮಾಡಿ ಜೋಡಿಸಿದ ಯಂತ್ರ ಅದು.

4. ತಾನು ಕಥೋಲಿಕ ಅಲ್ಲ ಎನ್ನುವುದಷ್ಟೇ ಒಬ್ಬನ ಯೋಗ್ಯತೆಯಾಗಲಾರದು. ಏನನ್ನು ನಂಬುವುದಿಲ್ಲ ಎಂಬುದರ ಮೇಲೆ ಧರ್ಮವನ್ನು ಕಟ್ಟಲಾಗದು.

5. ಮತ ಇಲ್ಲದವರ ಪರವಾಗಿ ಬೇರೆಯವರು ಮಾತನಾಡುತ್ತಾರೆ ಎನ್ನುವುದು, ಇಬ್ಬರ ಹಿತ ಒಂದೇ ಆಗಿರುವಲ್ಲಿ ಮಾತ್ರ ನಿಜ. ಐರ್ಲೆಂಡಿನ ಕಥೋಲಿಕರಿಗೆ ಅಂಥವರು ಯಾರೂ ಇಲ್ಲ.

6. ಅರಸನು ಪಟ್ಟಾಭಿಷೇಕದಲ್ಲಿ ಮಾಡುವ ಪ್ರತಿಜ್ಞೆ ಕಥೋಲಿಕರಿಗೆ ಹಕ್ಕು ಕೊಡಲು ಅಡ್ಡಿಯಲ್ಲ.

ಈ ಕೊನೆಯ ವಾದವನ್ನು ಓದುಗರು ನೆನಪಿನಲ್ಲಿಡಬೇಕು. ಒಂಬತ್ತು ವರ್ಷಗಳ ಬಳಿಕ ಅದೇ ಪ್ರತಿಜ್ಞೆ ಮತ್ತೆ ಅಡ್ಡ ಬಂತು.

ಎಲ್ಲವನ್ನೂ ಒಂದೇ ಸಲ ಕೊಡಿ ಎಂದು ಬರ್ಕ್ ಹೇಳಲಿಲ್ಲ. ಕ್ರಮವಾಗಿ, ಆದರೆ ಮನಸ್ಸಿಟ್ಟು ಕೊಡಿ ಎಂದರು. ಹೊರಗಿಟ್ಟವರು ನಾಳೆ ಕ್ರಾಂತಿಕಾರಿಗಳ ಕಡೆ ಹೋದರೆ ತಪ್ಪು ಹೊರಗಿಟ್ಟವರದು ಎಂಬ ಎಚ್ಚರಿಕೆಯೂ ಪತ್ರದಲ್ಲಿತ್ತು.

1792ರ ಕಾಯಿದೆ

1792ರ ಜನವರಿ 25ರಂದು ಲ್ಯಾಂಗ್ರಿಷ್ ಕಾಮನ್ಸ್ ಸಭೆಯಲ್ಲಿ ಕಥೋಲಿಕ ಪರಿಹಾರ ಮಸೂದೆಯ ಪ್ರಸ್ತಾವ ಮಂಡಿಸಿದರು. ಸರ್ಕಾರದ ಬೆಂಬಲ ಅದಕ್ಕಿತ್ತು. ಮಸೂದೆ ಕಾಯಿದೆಯಾಗಿ ಬಂದಾಗ ಅದರಲ್ಲಿದ್ದ ಮುಖ್ಯ ಅಂಶಗಳು:

• ಕಥೋಲಿಕರು ವಕೀಲಿ ವೃತ್ತಿ ಮಾಡಬಹುದು.

• ಕಥೋಲಿಕ ಮತ್ತು ಪ್ರೊಟೆಸ್ಟಂಟರ ನಡುವಿನ ಮದುವೆಯ ಮೇಲಿದ್ದ ನಿರ್ಬಂಧ ಸಡಿಲ.

• ಶಾಲೆ ನಡೆಸಲು ಪ್ರೊಟೆಸ್ಟಂಟ್ ಬಿಷಪರ ಪರವಾನಗಿ ಬೇಕಿಲ್ಲ.

• ಕಥೋಲಿಕ ಕಸುಬುದಾರರು ಇಷ್ಟೇ ಮಂದಿ ಕಲಿಯುವ ಹುಡುಗರನ್ನು ಇಟ್ಟುಕೊಳ್ಳಬೇಕೆಂಬ ಮಿತಿ ರದ್ದು.

ಮತದಾನದ ಹಕ್ಕು ಇದರಲ್ಲಿ ಇರಲಿಲ್ಲ. ಮದುವೆಯ ವಿಷಯದಲ್ಲೂ ಪರಿಹಾರ ಅರ್ಧವೇ. ಕಥೋಲಿಕ ಯಾಜಕರು ನೆರವೇರಿಸಿದ ಮಿಶ್ರ ವಿವಾಹಕ್ಕೆ ಕಾನೂನಿನ ಮಾನ್ಯತೆ ಸಿಗಲು 1870ರವರೆಗೆ ಕಾಯಬೇಕಾಯಿತು.

ಇದೇ ಅಧಿವೇಶನದಲ್ಲಿ ಕಥೋಲಿಕ ಸಮಿತಿ ಮತದಾನದ ಹಕ್ಕಿನಲ್ಲಿ ಒಂದು ಪಾಲು ಕೊಡಿ ಎಂದು ಮನವಿ ಸಲ್ಲಿಸಿತು. ಫೆಬ್ರವರಿ 20ರಂದು ಸಭೆ ಅದನ್ನು 208ಕ್ಕೆ 23 ಮತಗಳಿಂದ ತಿರಸ್ಕರಿಸಿತು. ಚರ್ಚೆಯಲ್ಲಿ ಕಥೋಲಿಕ ಸಮಿತಿಯವರನ್ನು ಅಂಗಡಿಯವರು ಎಂದು ಹೀಯಾಳಿಸಿದ ಮಾತುಗಳೂ ಬಂದವು. ದೇಶದ ನಾಲ್ಕನೇ ಮೂರು ಪಾಲು ಜನರ ಮನವಿಗೆ 300 ಸದಸ್ಯರ ಸಭೆಯಲ್ಲಿ ಸಿಕ್ಕಿದ ಬೆಂಬಲ 23 ಮತ.

ಈ ಅವಮಾನ ವ್ಯರ್ಥವಾಗಲಿಲ್ಲ. 1792ರ ಡಿಸೆಂಬರಿನಲ್ಲಿ ದೇಶದ ಎಲ್ಲ ಕಡೆಯಿಂದ ಆಯ್ಕೆಯಾದ ಕಥೋಲಿಕ ಪ್ರತಿನಿಧಿಗಳು ಡಬ್ಲಿನ್‌ನ ಬ್ಯಾಕ್ ಲೇನ್ ಬೀದಿಯ ದರ್ಜಿಗಳ ಸಂಘದ ಸಭಾಭವನದಲ್ಲಿ ಸೇರಿದರು. ಡಬ್ಲಿನ್ ಸಂಸತ್ತನ್ನು ಬದಿಗಿಟ್ಟು, ನೇರವಾಗಿ ಅರಸ ಮೂರನೇ ಜಾರ್ಜ್‌ಗೆ ಮನವಿ ಸಲ್ಲಿಸಲು ಐವರನ್ನು ಲಂಡನ್ನಿಗೆ ಕಳುಹಿಸಿದರು. ಅಷ್ಟರಲ್ಲಿ ಫ್ರಾನ್ಸಿನೊಂದಿಗೆ ಯುದ್ಧ ಆರಂಭವಾಯಿತು. ಐರ್ಲೆಂಡಿನ ಕಥೋಲಿಕರನ್ನು ಎದುರು ಹಾಕಿಕೊಳ್ಳುವುದು ಲಂಡನ್ ಸರ್ಕಾರಕ್ಕೆ ಬೇಕಿರಲಿಲ್ಲ. 1793ರ ಏಪ್ರಿಲ್ 9ರಂದು ಹೊಸ ಕಾಯಿದೆಗೆ ಅಂಕಿತ ಬಿತ್ತು. 40 ಶಿಲ್ಲಿಂಗ್ ಮೌಲ್ಯದ ಭೂಮಿ ಇದ್ದ ಕಥೋಲಿಕರಿಗೆ ಮತದಾನದ ಹಕ್ಕು, ಟ್ರಿನಿಟಿ ಕಾಲೇಜಿನ ಪದವಿ, ಸೈನ್ಯದ ಅಧಿಕಾರಿ ಹುದ್ದೆ, ಹೆಚ್ಚಿನ ಸರ್ಕಾರಿ ಹುದ್ದೆಗಳು ತೆರೆದವು. ಹಿಂದಿನ ವರ್ಷ ಭಾರೀ ಬಹುಮತದಿಂದ ಮನವಿ ತಿರಸ್ಕರಿಸಿದ ಅದೇ ಸಭೆ ಈ ಸಲ ಒಪ್ಪಿತು. ಸಂಸತ್ತಿನ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಎರಡನೇ ಪತ್ರ ಮತ್ತು ಭಾರತದ ಮಾತು

1795ರ ಜನವರಿಯಲ್ಲಿ ಹೊಸ ವೈಸ್‌ರಾಯ್ ಆಗಿ ಬಂದ ಲಾರ್ಡ್ ಫಿಟ್ಜ್‌ವಿಲಿಯಂ ಕಥೋಲಿಕರಿಗೆ ಪೂರ್ಣ ಹಕ್ಕು ಕೊಡಲು ಮುಂದಾದರು. ಲಂಡನ್ ಸರ್ಕಾರ ಕೆಲವೇ ವಾರಗಳಲ್ಲಿ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಮೇ ತಿಂಗಳಲ್ಲಿ ಗ್ರಾಟನ್ ಅವರ ಮಸೂದೆ 155ಕ್ಕೆ 84 ಮತಗಳಿಂದ ಬಿದ್ದುಹೋಯಿತು.

ಆ ತಿಂಗಳ 26ರಂದು ಬರ್ಕ್ ಮತ್ತೊಮ್ಮೆ ಲ್ಯಾಂಗ್ರಿಷ್ ಅವರಿಗೆ ಬರೆದರು. ಈ ಎರಡನೇ ಪತ್ರದಲ್ಲಿ ತಾವು ಜೀವನವಿಡೀ ಎದುರಿಸಿದ ಮೂರು ಕೇಡುಗಳನ್ನು ಅವರು ಒಟ್ಟಿಗೆ ಹೆಸರಿಸುತ್ತಾರೆ: ಐರ್ಲೆಂಡನ್ನು ಕಾಡಿದ ಪ್ರೊಟೆಸ್ಟಂಟ್ ಮೇಲ್ಗೈ, ಏಷ್ಯಾವನ್ನು ಕಾಡಿದ 'ಇಂಡಿಯನಿಸಂ', ಯುರೋಪನ್ನು ಕಾಡಿದ ಕ್ರಾಂತಿಯ ಉನ್ಮಾದ. 'ಇಂಡಿಯನಿಸಂ' ಎಂದರೆ ಈಸ್ಟ್ ಇಂಡಿಯಾ ಕಂಪೆನಿಯವರು ಭಾರತದಲ್ಲಿ ನಡೆಸಿದ ಲೂಟಿ ಮತ್ತು ದಬ್ಬಾಳಿಕೆ. ಕಂಪೆನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಬರ್ಕ್ ಮುಂದೆ ನಿಂತು ನಡೆಸಿದ ವಿಚಾರಣೆ ಏಳು ವರ್ಷ ಎಳೆದು, ಈ ಪತ್ರಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಹೇಸ್ಟಿಂಗ್ಸ್ ಅವರ ಬಿಡುಗಡೆಯೊಂದಿಗೆ ಮುಗಿದಿತ್ತು. ಐರ್ಲೆಂಡಿನ ಕಥೋಲಿಕ ರೈತ, ಭಾರತದ ರೈತ ಇಬ್ಬರೂ ಒಂದೇ ತೆರನ ಅನ್ಯಾಯಕ್ಕೆ ಸಿಕ್ಕಿದವರು ಎಂಬುದನ್ನು ಬರ್ಕ್ ಕಂಡರು. ಆ ಮಾತನ್ನು ಅವರು ಹೇಳಿಕೊಂಡದ್ದು ಲ್ಯಾಂಗ್ರಿಷ್ ಅವರಲ್ಲಿ. ಬರ್ಕ್ 1797ರ ಜುಲೈ 9ರಂದು ತೀರಿಕೊಂಡರು.

ಯೂನಿಯನ್ ಮತ್ತು 13,862 ಪೌಂಡ್

1798ರಲ್ಲಿ ಐರ್ಲೆಂಡಿನಲ್ಲಿ ಬಂಡಾಯ ಎದ್ದು ಸಾವಿರಾರು ಜನ ಸತ್ತರು. ಬಳಿಕ ಪ್ರಧಾನಿ ಪಿಟ್ ಅವರು ಡಬ್ಲಿನ್ ಸಂಸತ್ತನ್ನೇ ಮುಚ್ಚಿ ಐರ್ಲೆಂಡನ್ನು ಬ್ರಿಟನ್ನಿನೊಂದಿಗೆ ಸೇರಿಸಲು ನಿರ್ಧರಿಸಿದರು. ಲ್ಯಾಂಗ್ರಿಷ್ ಇದರ ಪರ ಮತ ಹಾಕಿದರು. 1801ರ ಜನವರಿ 1ರಿಂದ ಯೂನಿಯನ್ ಜಾರಿಗೆ ಬಂತು.

ರದ್ದಾದ ಸಣ್ಣ ಕ್ಷೇತ್ರಗಳ ಒಡೆಯರಿಗೆ ಸರ್ಕಾರ ಕ್ಷೇತ್ರಕ್ಕೆ 15,000 ಪೌಂಡಿನಂತೆ ಪರಿಹಾರ ಕೊಟ್ಟಿತು. ನಾಕ್‌ಟೋಫರ್ ಕ್ಷೇತ್ರಕ್ಕಾಗಿ ಲ್ಯಾಂಗ್ರಿಷ್ ಅವರಿಗೆ ಬಂದದ್ದು 13,862 ಪೌಂಡ್. ಅವರ ಷಡ್ಡಕ ಈಲಿಯ ಮಾರ್ಕ್ವಿಸರಿಗೆ 45,000 ಪೌಂಡ್. ಯೂನಿಯನ್ನಿಗೆ ವಿರುದ್ಧ ಮತ ಹಾಕಿದ ಒಡೆಯರಿಗೂ ಈ ಪರಿಹಾರ ಸಿಕ್ಕಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೂ ಜನರ ಮತವನ್ನು ಖಾಸಗಿ ಆಸ್ತಿಯಂತೆ ಲೆಕ್ಕಹಾಕಿ ಹಣ ಕೊಟ್ಟದ್ದು, ಪಡೆದದ್ದು ಎರಡೂ ಆ ವ್ಯವಸ್ಥೆಯ ಕಳಂಕಗಳೇ.

ಯೂನಿಯನ್ ಆದರೆ ಕಥೋಲಿಕರಿಗೆ ಸಂಸತ್ತು ತೆರೆಯುತ್ತದೆ ಎಂಬ ನಿರೀಕ್ಷೆಯನ್ನು ಪಿಟ್ ಹುಟ್ಟಿಸಿದ್ದರು. ಹಲವು ಕಥೋಲಿಕ ಬಿಷಪರು ಅದೇ ನಂಬಿಕೆಯಿಂದ ಯೂನಿಯನ್ನನ್ನು ಬೆಂಬಲಿಸಿದ್ದರು. ಆದರೆ ಅರಸ ಮೂರನೇ ಜಾರ್ಜ್ ತನ್ನ ಪಟ್ಟಾಭಿಷೇಕದ ಪ್ರತಿಜ್ಞೆಗೆ ಅದು ವಿರುದ್ಧ ಎಂದು ಹಟ ಹಿಡಿದನು. ಪಿಟ್ ರಾಜೀನಾಮೆ ಕೊಟ್ಟರು. ಬರ್ಕ್ 1792ರಲ್ಲೇ ಬಿಡಿಸಿ ಹೇಳಿದ್ದ ಆಕ್ಷೇಪವೇ ಕಥೋಲಿಕರನ್ನು ಇನ್ನೂ 28 ವರ್ಷ ಹೊರಗೆ ನಿಲ್ಲಿಸಿತು.

ಲ್ಯಾಂಗ್ರಿಷ್ ಆ ದಿನ ಕಾಣಲಿಲ್ಲ. 1811ರ ಫೆಬ್ರವರಿ 1ರಂದು ಅವರು ಡಬ್ಲಿನ್‌ನಲ್ಲಿ ನಿಧನರಾದರು. ಬ್ಯಾರೊನೆಟ್ ಬಿರುದು ಮಗ ರಾಬರ್ಟ್‌ಗೆ ಹೋಯಿತು.

ಒಂದು ಸಣ್ಣ ಕಾಯಿದೆಯ ಫಲ

ಲ್ಯಾಂಗ್ರಿಷ್ ಸಂತರಲ್ಲ, ಹುತಾತ್ಮರೂ ಅಲ್ಲ. ಹುದ್ದೆ, ಬಿರುದು, ಹಣ ಎಲ್ಲವನ್ನೂ ಪಡೆದವರು. 1792ರಲ್ಲಿ ಅವರು ತಂದ ಕಾಯಿದೆ ಕಥೋಲಿಕ ಸಮಿತಿಯ ಬೇಡಿಕೆಗಿಂತ ಬಹಳ ಸಣ್ಣದು; ಆ ಕಾಲದ ಹಲವು ಕಥೋಲಿಕರಿಗೆ ಅದು ಭಿಕ್ಷೆಯಂತೆ ಕಂಡಿತು. ಆ ಬೇಸರ ನ್ಯಾಯವಾದದ್ದೇ.

ಆದರೆ ಮುಂದಿನದನ್ನು ನೋಡಬೇಕು. ಕೆರ್ರಿ ಪ್ರಾಂತದ ಕಥೋಲಿಕ ಮನೆತನವೊಂದರಲ್ಲಿ 1775ರಲ್ಲಿ ಹುಟ್ಟಿದ ಒಬ್ಬ ಹುಡುಗ ವಿದ್ಯೆಗಾಗಿ ಫ್ರಾನ್ಸಿಗೆ ಹೋಗಿದ್ದನು. 1792ರ ಮುಂಚೆ ಅವನು ಐರ್ಲೆಂಡಿನಲ್ಲಿ ವಕೀಲನಾಗುವ ಮಾತೇ ಇರಲಿಲ್ಲ. ಕಾಯಿದೆ ಬದಲಾದ ಕಾರಣ ಅವನು ಕಾನೂನು ಓದಿ 1798ರಲ್ಲಿ ಡಬ್ಲಿನ್‌ನ ನ್ಯಾಯಾಲಯದಲ್ಲಿ ವಕೀಲನಾದನು. ಅವನ ಹೆಸರು ಡೇನಿಯಲ್ ಓಕಾನೆಲ್. ವಕೀಲಿಯಲ್ಲಿ ಗಳಿಸಿದ ಮಾತು, ಧೈರ್ಯ, ಜನರ ವಿಶ್ವಾಸ ಎಲ್ಲವನ್ನೂ ಬಳಸಿ ಅವರು ಕಟ್ಟಿದ ಚಳವಳಿಗೆ ಧರ್ಮಕೇಂದ್ರಗಳಲ್ಲಿ ತಿಂಗಳಿಗೆ ಒಂದು ಪೆನ್ನಿಯಂತೆ ಬಡವರೇ ಹಣ ಕೂಡಿಸಿದರು. 1793ರಲ್ಲಿ ಮತ ಪಡೆದಿದ್ದ 40 ಶಿಲ್ಲಿಂಗ್ ರೈತರೇ 1828ರಲ್ಲಿ ಕ್ಲೇರ್ ಪ್ರಾಂತದಿಂದ ಅವರನ್ನು ಗೆಲ್ಲಿಸಿದರು. 1829ರ ಏಪ್ರಿಲ್ 13ರಂದು ಕಥೋಲಿಕ ವಿಮೋಚನಾ ಕಾಯಿದೆಗೆ ಅಂಕಿತ ಬಿತ್ತು. ಅದರ ಬೆಲೆಯನ್ನು ಆ ರೈತರೇ ತೆತ್ತರು: ಅದೇ ಹೊತ್ತಿಗೆ ಮತದಾನದ ಅರ್ಹತೆಯನ್ನು 10 ಪೌಂಡಿಗೆ ಏರಿಸಿ ಅವರ ಮತವನ್ನು ಕಿತ್ತುಕೊಳ್ಳಲಾಯಿತು.

1792ರ ಕಾಯಿದೆ ಇಲ್ಲದಿದ್ದರೆ ಓಕಾನೆಲ್ ವಕೀಲರಾಗುತ್ತಿರಲಿಲ್ಲ. ಮಠದ ನೆಲದಲ್ಲಿ ಬೆಳೆದ ಪ್ರೊಟೆಸ್ಟಂಟ್ ಜಮೀನ್ದಾರರೊಬ್ಬರು ಅರ್ಧ ತೆರೆದ ಬಾಗಿಲಿನಿಂದ ಬೇರೊಬ್ಬರು ಒಳಗೆ ಬಂದು ಅದನ್ನು ಪೂರ್ತಿ ತೆರೆದರು.

ಲ್ಯಾಂಗ್ರಿಷ್ ಜೀವನದ ಮುಖ್ಯ ದಿನಗಳು

1729 – ಜನನ
1753 – ಟ್ರಿನಿಟಿ ಕಾಲೇಜಿನಿಂದ ಪದವಿ
1755 – ಹ್ಯಾನಾ ಮೈಹಿಲ್ ಜೊತೆ ಮದುವೆ
1761 – ನಾಕ್‌ಟೋಫರ್ ಕ್ಷೇತ್ರದ ಸದಸ್ಯ
1772 – 'ಬ್ಯಾರಟೇರಿಯಾನಾ' ಪ್ರಕಟಣೆ
1774 – ಕಂದಾಯ ಕಮಿಷನರ್
1777 – ಬ್ಯಾರೊನೆಟ್ ಬಿರುದು, ಪ್ರಿವಿ ಕೌನ್ಸಿಲ್ ಸದಸ್ಯತ್ವ
1792, ಜನವರಿ 3 – ಬರ್ಕ್ ಅವರ ಮೊದಲ ಪತ್ರ
1792, ಜನವರಿ 25 – ಕಥೋಲಿಕ ಪರಿಹಾರ ಮಸೂದೆಯ ಪ್ರಸ್ತಾವ
1795, ಮೇ 26 – ಬರ್ಕ್ ಅವರ ಎರಡನೇ ಪತ್ರ
1801 – ಯೂನಿಯನ್ ಜಾರಿ; ಸಂಸತ್ತಿನ ಸೇವೆ ಮುಕ್ತಾಯ
1811, ಫೆಬ್ರವರಿ 1 – ಡಬ್ಲಿನ್‌ನಲ್ಲಿ ನಿಧನ